ಕೊಯ್ಲಿನ ತೋಟದಲ್ಲಿ ಕೆಲಸ ಹೇಳುವ ಬಗೆ

ಕಾಫಿ ತೋಟದ ಮೇಲ್ವಿಚಾರಣೆಯನ್ನು ಹೊಸದಾಗಿ ವಹಿಸಿಕೊಂಡವರು ಈ ಗುಂಪಿನಲ್ಲಿ ಕೆಲವರಿದ್ದಾರೆ, ಅವರಿಗಾಗಿ ಇದು. ಬೆಳಿಗ್ಗೆ ಹಾಜರಿ ಕರೆದು ಕೆಲಸ ಹೇಳಿದ ಮೇಲೆ ‘ಅರ್ಥವಾಯಿತೇ?’ ಎಂದು ಕೇಳಬೇಡಿ. ಎಲ್ಲರೂ ತಲೆಯಾಡಿಸುತ್ತಾರೆ. ಕೊಡವ ತಕ್ಕ್, ಯರವ ನುಡಿ, ತಮಿಳು, ಅಸ್ಸಾಂನಿಂದ ಬಂದವರ ಮಾತು ಎಲ್ಲ ಬೆರೆತಿರುವ ಕೊಡಗಿನ ತೋಟಗಳಲ್ಲಿ ಎಲ್ಲರಿಗೂ ಬರುವ ಭಾಷೆ ಈ ತಲೆಯಾಡಿಸುವುದೊಂದೇ!

ಬದಲಿಗೆ ಆಳುಗಳ ಮುಂದಾಳಾದ ಮೇಸ್ತ್ರಿಯ ಬಾಯಿಂದಲೇ ಹೇಳಿಸಿ: ‘ಅಣ್ಣಾ, ಇವತ್ತು ಎಲ್ಲಿಂದ ಶುರು ಮಾಡುತ್ತೀರಿ, ಯಾವುದನ್ನು ಗಿಡದಲ್ಲೇ ಬಿಡುತ್ತೀರಿ?’ ನಿಮ್ಮ ಮಾತಿನಲ್ಲಿ ಯಾವುದು ತಲುಪಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಅರೇಬಿಕಾ ಜಾತಿಯ ಕಾಫಿ ಕೊಯ್ಲಿನಲ್ಲಂತೂ ಇದು ಬೇಕೇ ಬೇಕು. ‘ಚೆನ್ನಾಗಿ ಹಣ್ಣಾದದ್ದು ಮಾತ್ರ’ ಎಂದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಣ್ಣ. ಒಂದು ರೆಂಬೆ ಹಿಡಿದು ತೋರಿಸಿ: ಕೆಂಪಾದದ್ದು ಚೀಲಕ್ಕೆ, ಬಣ್ಣ ತಿರುಗುತ್ತಿರುವುದು ಮುಂದಿನ ಸುತ್ತಿಗೆ, ಹಸಿರನ್ನು ಮುಟ್ಟುವುದೇ ಬೇಡ. ಕಾರಣವನ್ನೂ ಹೇಳಿ. ಹಸಿರು ಕಾಯಿ ಪಲ್ಪರ್‌ನಲ್ಲಿ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸರಿಯಾಗಿ ಸುಲಿಯುವುದಿಲ್ಲ, ಕಾಫಿಯ ರುಚಿಯೂ ಕೆಡುತ್ತದೆ. ಇದು ತಿಳಿದವರು ನೀವು ಪಕ್ಕದಲ್ಲಿ ಇಲ್ಲದಾಗಲೂ ನೋಡಿ ಕೊಯ್ಯುತ್ತಾರೆ.

ಸಂಜೆ ತೂಕದ ಹೊತ್ತಿನಲ್ಲಿ ಯಾರದೋ ಚೀಲದಲ್ಲಿ ಹಸಿರು ಕಾಯಿ ಕಂಡರೆ, ಸಾಲಿನಲ್ಲಿ ನಿಂತವರ ಎದುರು ದನಿ ಏರಿಸಬೇಡಿ. ಪಕ್ಕಕ್ಕೆ ಕರೆದು, ಒಂದು ಹಿಡಿ ಅವರ ಅಂಗೈಗೆ ಸುರಿದು, ಹಸಿರನ್ನು ಅವರಿಂದಲೇ ಹೆಕ್ಕಿಸಿ ನೋಡಿ. ಚೆನ್ನಾಗಿ ಕೊಯ್ದವರನ್ನು ಹೊಗಳುವುದು ಮಾತ್ರ ಎಲ್ಲರಿಗೂ ಕೇಳಿಸಲಿ.

ಕೂಲಿ, ರಜೆಯ ವಿಷಯ ಬೇರೆ. ಅದನ್ನು ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ ಮುಗಿಸದೆ, ಎದುರು ಕುಳಿತು ಮಾತನಾಡಿ, ಒಪ್ಪಿದ್ದನ್ನು ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಅಂದೇ ಬರೆಸಿಡಿ.