ಯಹೂದಿಗಳ ಕಥೆ ಹೇಳುವುದಾದರೆ ಬಾವಿಕಟ್ಟೆಯಿಂದ ಶುರು ಮಾಡಿ

ಯಹೂದಿಗಳ ಮೇಲಿನ ದ್ವೇಷದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹಿಟ್ಲರ್‌ನಿಂದ ಶುರು ಮಾಡಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಮೊದಲ ವರ್ಷ ಬೋರ್ಡಿನ ಮೇಲೆ '60 ಲಕ್ಷ' ಅಂತ ಬರೆದೆ, ಹಿಟ್ಲರ್‌ನವರು ಕೊಂದ ಯಹೂದಿಗಳ ಲೆಕ್ಕ. ಮಕ್ಕಳು ನೋಟ್ಸಿಗೆ ಇಳಿಸಿಕೊಂಡರು, ಅಷ್ಟೇ. ಹಿಂದಿನ ಬೆಂಚಿನವನೊಬ್ಬ ಕೇಳಿದ, "ಟೀಚರ್, ಅವ್ರೂ ಏನಾದ್ರೂ ಮಾಡಿರ್ಬೇಕಲ್ವಾ?" ನನಗೆ ಬಾಯಿ ಕಟ್ಟಿತು.

ಈಗ ನೆರೆಮನೆಯ ಮಕ್ಕಳಿಗೆ ಹೇಳುವಾಗ ನಮ್ಮ ಬಾವಿಕಟ್ಟೆಗೆ ಕರೆದುಕೊಂಡು ಹೋಗುತ್ತೇನೆ. ಒಂದು ಕೊಡ ನೀರು ಸೇದಿಸಿ, ಎಲ್ಲರೂ ಕುಡಿಯಲಿ. ಆಮೇಲೆ ಕೇಳಿ: "ಊರಿಗೆಲ್ಲ ಜ್ವರ. ಬಾವಿಗೆ ಯಾರೋ ವಿಷ ಹಾಕಿದ್ದಾರಂತೆ. ಯಾರಿರಬಹುದು?" ಉತ್ತರ ಬೇಗ ಬರುತ್ತದೆ. ಹೊಸ ಬಾಡಿಗೆಯವರು. ಬೇರೆ ಭಾಷೆಯವರು. ನಡುವೆ ಬಾಯಿ ಹಾಕಬೇಡಿ, ಹೇಳಲಿ.

ಈಗ ಸ್ಟ್ರಾಸ್‌ಬರ್ಗ್ ಕಥೆ ಹೇಳಿ. ಅದು ಇವತ್ತಿನ ಫ್ರಾನ್ಸಿನಲ್ಲಿರುವ ಪಟ್ಟಣ. ಯುರೋಪಿನಲ್ಲಿ ಪ್ಲೇಗ್ ಹಬ್ಬುತ್ತಿತ್ತು. ಯಹೂದಿಗಳು ಬಾವಿಗೆ ವಿಷ ಹಾಕಿದರು ಅಂತ ಸುದ್ದಿ. 1349ರ ಫೆಬ್ರುವರಿ 14ರಂದು ಆ ಪಟ್ಟಣದ ಯಹೂದಿಗಳನ್ನು ಅವರದೇ ಸ್ಮಶಾನಕ್ಕೆ ಅಟ್ಟಿಕೊಂಡು ಹೋಗಿ, ನೂರಾರು ಜನರನ್ನು ಸುಟ್ಟರು. ಇಲ್ಲಿ ಸ್ವಲ್ಪ ನಿಲ್ಲಿಸಿ, ಎರಡು ಸಂಗತಿ ಹೇಳಿ. ಒಂದು, ಆ ದಿನಕ್ಕೆ ಪ್ಲೇಗ್ ಆ ಪಟ್ಟಣ ಮುಟ್ಟಿಯೇ ಇರಲಿಲ್ಲ. ಎರಡು, ಯಹೂದಿಗಳಿಗೆ ಕೊಡಬೇಕಿದ್ದ ಸಾಲವೆಲ್ಲ ಆಮೇಲೆ ಮನ್ನಾ. ಬಡ್ಡಿ ವ್ಯವಹಾರ ಅವರ ಕೈಗೆ ಯಾಕೆ ಬಂತು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕುಶಲಕರ್ಮಿಗಳ ಸಂಘಕ್ಕೆ ಅವರನ್ನು ಸೇರಿಸುತ್ತಿರಲಿಲ್ಲ, ಕ್ರೈಸ್ತರು ಬಡ್ಡಿ ತೆಗೆಯಬಾರದು ಅಂತ ಚರ್ಚ್ ಹೇಳಿತ್ತು. ಉಳಿದ ಕೆಲವೇ ಬಾಗಿಲುಗಳಲ್ಲಿ ಅದೊಂದು.

ಇಂಗ್ಲೆಂಡ್ 1290ರಲ್ಲಿ, ಸ್ಪೇನ್ 1492ರಲ್ಲಿ ಯಹೂದಿಗಳನ್ನು ಹೊರಹಾಕಿದ್ದನ್ನು ಒಂದೆರಡು ಮಾತಿನಲ್ಲಿ ಮುಗಿಸಿ. ಇಸವಿಗಳನ್ನು ಜಾಸ್ತಿ ತುಂಬಿದರೆ ಮಕ್ಕಳು ಆಕಳಿಸುತ್ತಾರೆ.

"ಇದೆಲ್ಲ ದೂರದ ಕಥೆ" ಅಂದರೆ ಗೋವಾಕ್ಕೆ ಬನ್ನಿ. ಅಲ್ಲಿಗೆ 1560ರಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದರು ಅಂತ ಜನರನ್ನು ವಿಚಾರಿಸಿ ಶಿಕ್ಷಿಸುವ ಚರ್ಚ್ ನ್ಯಾಯಾಲಯ, ಬಂತು. ಕ್ರೈಸ್ತರಾಗಿ ಮತಾಂತರವಾದ ಯಹೂದಿ ಮನೆತನಗಳ ಮೇಲೂ ಅದರ ಕಣ್ಣು. ನಮ್ಮ ನೆಲದ ಔಷಧಗಳ ಬಗ್ಗೆ ಬರೆದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಮನೆಯವರು. ಅವರ ಸೋದರಿಯನ್ನು 1569ರಲ್ಲಿ ಸುಟ್ಟರು. ಓರ್ತಾ 1568ರಲ್ಲೇ ತೀರಿಕೊಂಡಿದ್ದರು. ಆದರೂ 1580ರಲ್ಲಿ ಅವರ ಎಲುಬು ಅಗೆದು ತೆಗೆದು ಸುಟ್ಟರು!

ಸಾಧ್ಯವಾದರೆ ಒಂದು ಭಾನುವಾರ ಮಂಗಳೂರಿನ ಬಂದರಿಗೆ ಹೋಗಿ. ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಈ ಊರಿನಲ್ಲಿ ವರ್ಷಗಟ್ಟಲೆ ಇದ್ದ. ಯೆಮೆನ್‌ನ ಏಡನ್ ಬಂದರಿನ ಗೆಳೆಯರು ಅವನಿಗೆ ಹಡಗಿನಲ್ಲಿ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳಿಸುತ್ತಿದ್ದರು. ಅವರು ಬರೆದ ಪತ್ರಗಳು ಕೈರೋದ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಸಿಕ್ಕವು. ಮಕ್ಕಳಿಗೆ ದ್ರಾಕ್ಷಿ ನೆನಪುಳಿಯುತ್ತದೆ, ಉಳಿಯಲಿ. ಯಹೂದಿ ಅಂದರೆ ಬರೀ ಹೆಣದ ಲೆಕ್ಕ ಅಂತ ಆಗಬಾರದಲ್ಲ.

ಹಿಟ್ಲರ್ ಕೊನೆಗೆ. ಅಷ್ಟರಲ್ಲಿ ಆ ಹಳೇ ಪ್ರಶ್ನೆ ಮತ್ತೆ ಬರುತ್ತದೆ, "ಅವ್ರೂ ಏನಾದ್ರೂ..." ನೀವು ಉತ್ತರ ಹೇಳಬೇಡಿ, ಸುಮ್ನೆ ಕಾಯಿರಿ. ಕಳೆದ ಸಲ ಪಕ್ಕದ ಹುಡುಗಿಯೇ ಹೇಳಿದಳು, "ಅಲ್ಲಿಗೆ ಪ್ಲೇಗೇ ಬಂದಿರ್ಲಿಲ್ಲ ಮಾರಾಯ!"