ನೆಲೆ ತಪ್ಪಿದ ಕುಟುಂಬಗಳ ಸಮೀಕ್ಷೆ: ಎರಡು ಸಲ ಕೇಳಿದ ನನ್ನ ಅನುಭವ

ದೇಶದೊಳಗೇ ನೆಲೆ ತಪ್ಪಿ ಶಿಬಿರದಲ್ಲೋ ಬಾಡಿಗೆ ಕೋಣೆಯಲ್ಲೋ ಬದುಕುತ್ತಿರುವವರಿಗೆ ಶಾಶ್ವತ ವಸತಿ ಎಲ್ಲಿ ಕೊಡಬೇಕೆಂದು ತಿಳಿಯಲು ಒಂದೇ ಕುಟುಂಬವನ್ನು ಎರಡು ಸಲ, ಅದೂ ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕು ಎಂದು ನಾನು ಹೇಳಿದಾಗ ಒಪ್ಪಿದ ಸಹೋದ್ಯೋಗಿಗಳು ವಿರಳ. ಹಣ ಸಾಲದು, ಜನ ಬೇಸತ್ತು ಮಾತನ್ನೇ ನಿಲ್ಲಿಸುತ್ತಾರೆ, ಎರಡನೆಯ ಸಲ ಹೋದಾಗ ಕುಟುಂಬವೇ ಸಿಗುವುದಿಲ್ಲ ಎಂದರು. ಆದರೂ ಆ ಕ್ರಮವೇ ಕೈಹಿಡಿಯಿತು. ಅದರ ಆಧಾರದಲ್ಲಿ ಹಂಚಿಕೆಯಾದ ಮನೆಗಳಲ್ಲಿ, ನನ್ನ ನೆನಪಿನಂತೆ, ಹತ್ತಕ್ಕೆ ಒಂಬತ್ತರಲ್ಲಿ ಎರಡು ವರ್ಷದ ಬಳಿಕವೂ ಅದೇ ಕುಟುಂಬ ವಾಸವಾಗಿತ್ತು. ಅದಕ್ಕೂ ಹಿಂದೆ, ಒಂದೇ ಸಲದ ಉತ್ತರವನ್ನು ನಂಬಿ ಕಟ್ಟಿದ ಬಡಾವಣೆಯಲ್ಲಿ ಮೂರರಲ್ಲೊಂದು ಪಾಲು ಮನೆಗಳಿಗೆ ಬೀಗ ಬಿದ್ದಿತ್ತು.

ಹಳೆಯ ಕ್ರಮ ಸೋತದ್ದು ಪ್ರಶ್ನೆಯಲ್ಲಿಯೇ. ಮೂಲ ಊರಿಗೆ ಮರಳುವುದು, ಈಗಿರುವಲ್ಲೇ ಬೇರೂರುವುದು, ಬೇರೊಂದು ಕಡೆ ನೆಲೆಸುವುದು ಎಂದು ವಿಶ್ವಸಂಸ್ಥೆಯ ಹಾಗೂ ಇತರ ನೆರವು ಸಂಸ್ಥೆಗಳ ಒಕ್ಕೂಟವಾದ ಅಂತರ-ಸಂಸ್ಥಾ ಸ್ಥಾಯಿ ಸಮಿತಿಯ 2010ರ ಚೌಕಟ್ಟು ಹೇಳುವ ಮೂರು ದಾರಿಗಳನ್ನು ನಾವೆಲ್ಲ ಹಾಗೆಯೇ ಎತ್ತಿ ಪ್ರಶ್ನಾವಳಿಯಲ್ಲಿ ಇಟ್ಟುಬಿಡುತ್ತೇವೆ. ಬಹುಪಾಲು ಜನ ‘ಮರಳುತ್ತೇವೆ’ ಎನ್ನುತ್ತಾರೆ. ಇಲ್ಲೇ ಇರುತ್ತೇವೆ ಎಂದರೆ ಹಿಂದಿನ ಜಮೀನಿನ ಹಕ್ಕು ತಪ್ಪೀತು ಎಂಬ ಭಯವೇ ಆ ಉತ್ತರವನ್ನು ಕೊಡಿಸುತ್ತದೆ. ನೆರವು ಹಂಚುವ ತಂಡದ ಬೆನ್ನಿಗೇ ಸಮೀಕ್ಷೆಯವರು ಹೋದರಂತೂ, ಯಾವ ಉತ್ತರಕ್ಕೆ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ ಎಂದು ಅಂದಾಜಿಸಿಯೇ ಜನ ಮಾತಾಡುತ್ತಾರೆ. ಹಂಚಿಕೆಗೂ ಸಮೀಕ್ಷೆಗೂ ನಡುವೆ ಮೂರು ವಾರವಾದರೂ ಬಿಡುವಿರಬೇಕೆಂದು ನಾನು ಹಟ ಹಿಡಿದದ್ದು ಇದೇ ಕಾರಣಕ್ಕೆ.

ಹಾಗಾಗಿ ‘ಎಲ್ಲಿಗೆ’ ಎಂಬ ಪ್ರಶ್ನೆಯನ್ನು ಕೊನೆಗೆ ತಳ್ಳಿ, ಅದಕ್ಕೆ ಮೊದಲು ಚೀಟಿಗಳನ್ನು ಇಟ್ಟೆವು. ಹಕ್ಕುಪತ್ರ, ಸುರಕ್ಷತೆ, ಕೆಲಸಕ್ಕೆ ಇರುವ ದೂರ, ಶಾಲೆ, ಬಂಧುಗಳ ನೆರೆ, ಮನೆಯ ಅಳತೆ ಇತ್ಯಾದಿಗಳಲ್ಲಿ ಪ್ರತಿಯೊಂದಕ್ಕೂ ಒಂದು ಚಿತ್ರದ ಚೀಟಿ. ಎಲ್ಲವೂ ಸಿಗುವುದಿಲ್ಲವಾದರೆ ಮೊದಲು ಯಾವುದನ್ನು ಬಿಡುತ್ತೀರಿ ಎಂದು ಕೇಳಿ ಒಂದೊಂದನ್ನೇ ತೆಗೆಸುತ್ತ ಹೋಗುವುದು. ಚೀಟಿಗಳನ್ನು ಯಾವ ಅನುಕ್ರಮದಲ್ಲಿ ಮುಂದಿಡಬೇಕೆಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ಕಂಡುಕೊಳ್ಳಲು ಬಹಳ ಶ್ರಮಪಟ್ಟಿದ್ದೇನೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಗಂಡ ಉಳಿದೆಲ್ಲ ಚೀಟಿಗಳನ್ನು ಬಿಟ್ಟುಕೊಟ್ಟು ‘ಸ್ವಂತ ಜಮೀನು’ ಎಂಬುದನ್ನು ಮಾತ್ರ ಕೈಯಲ್ಲಿ ಹಿಡಿದು, ಊರಿಗೆ ಮರಳುವುದೇ ಸೈ ಎಂದರು. ಹೆಂಡತಿ ಕೊನೆಯವರೆಗೂ ಬಿಡದೆ ಉಳಿಸಿಕೊಂಡದ್ದು ಶಾಲೆಯನ್ನೂ ಕೆಲಸದ ದೂರವನ್ನೂ. ‘ಅಮ್ಮ, ಜಮೀನು ಬೇಡವೇ?’ ಎಂದು ನಮ್ಮ ಸಮೀಕ್ಷಾ ತಂಡದ ಹುಡುಗಿ ಕೇಳಿದಾಗ ಅವರು ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಬಿಚ್ಚಿದರು. ಅದರೊಳಗಿನ, ನೀರು ತಾಗಿ ಅಂಚು ಕರಗಿದ ಜಮೀನಿನ ಕಾಗದದಲ್ಲಿ ಇದ್ದದ್ದು ತೀರಿಹೋದ ಮಾವನ ಹೆಸರು, ಅದರ ಮೇಲೆ ನಾಲ್ವರು ಮಕ್ಕಳ ಹಕ್ಕು. ಮರಳಿದರೂ ಈ ಕುಟುಂಬದ ಪಾಲಿಗೆ ಬರುವುದು ತುಂಡು ನೆಲ. ಅಂದಿನಿಂದ ‘ಕಾಗದ ಇದೆಯೇ’ ಎಂಬ ಪ್ರಶ್ನೆಯನ್ನು ತೆಗೆದು, ‘ತೋರಿಸಬಹುದೇ, ಯಾರ ಹೆಸರಿನಲ್ಲಿದೆ’ ಎಂದು ಬರೆದೆವು. ಕಳೆದುಹೋದ ಆಸ್ತಿಯನ್ನು ಮರಳಿ ಕೊಡಿಸುವ, ಅದಾಗದಿದ್ದರೆ ಪರಿಹಾರ ದೊರಕಿಸುವ ಹೊಣೆ ಆಡಳಿತದ್ದು ಎಂದು ದೇಶದೊಳಗೆ ನೆಲೆ ತಪ್ಪಿದವರ ಕುರಿತ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳ 29ನೆಯ ತತ್ವ ಹೇಳುತ್ತದೆ. ಆದರೆ ಯಾರ ಹೆಸರಿಗೆ ಕೊಡಿಸಬೇಕೆಂಬುದನ್ನು ಸಮೀಕ್ಷೆಯೇ ದಾಖಲಿಸದಿದ್ದರೆ ಆಡಳಿತವಾದರೂ ಏನು ಮಾಡೀತು?

ಇನ್ನು ಹಣದ ಮಾತು. ಎರಡು ಭೇಟಿ ಎಂದರೆ ಎರಡರಷ್ಟು ಖರ್ಚು ಎಂಬ ಲೆಕ್ಕ ತಪ್ಪು. ಒಟ್ಟು ಮೊತ್ತದ ಅರ್ಧದಷ್ಟು ಗಣತಿದಾರರ ಕೂಲಿಗೆ, ಕಾಲು ಭಾಗ ಓಡಾಟಕ್ಕೆ ಹೋಗುತ್ತದೆ. ಪ್ರಶ್ನಾವಳಿಯನ್ನು ನೂರಿಪ್ಪತ್ತರ ಆಸುಪಾಸಿನಿಂದ ನಲವತ್ತೈದಕ್ಕೆ ಇಳಿಸಿದೆ. ಯಾವ ಉತ್ತರದಿಂದ ಯಾವ ತೀರ್ಮಾನ ಬದಲಾಗುತ್ತದೆಂದು ಯಾರೂ ಹೇಳಲಾಗದ ಪ್ರಶ್ನೆಗಳನ್ನೆಲ್ಲ ಕಿತ್ತುಹಾಕಿದೆ. ಎರಡನೆಯ ಭೇಟಿಯನ್ನು ಎಲ್ಲರಿಗೂ ಮಾಡದೆ ಮೂರನೆಯ ಒಂದು ಪಾಲಿಗೆ, ಯಾದೃಚ್ಛಿಕವಾಗಿ ಆರಿಸಿ ಮಾಡಿದೆ. ಕೊನೆಗೆ ಹೆಚ್ಚಿದ್ದು ಶೇಕಡಾ 15ರಷ್ಟು ಮಾತ್ರ. ಹಣ ಕೊಡುವ ಸಂಸ್ಥೆಯೊಂದು ಅದನ್ನೂ ಕತ್ತರಿಸಲು ನೋಡಿದಾಗ, ಬೀಗ ಬಿದ್ದ ಒಂದು ಮನೆಯ ವೆಚ್ಚವನ್ನೂ ಇಡೀ ಎರಡನೆಯ ಸುತ್ತಿನ ವೆಚ್ಚವನ್ನೂ ಅಕ್ಕಪಕ್ಕದಲ್ಲಿ ಬರೆದು ಮುಂದಿಟ್ಟೆ. ಆಮೇಲೆ ಚರ್ಚೆ ಬೆಳೆಯಲಿಲ್ಲ.

ಮಾದರಿಯ ಗಾತ್ರದಲ್ಲಿ ಮಾತ್ರ ನಾನು ಚೌಕಾಶಿ ಮಾಡಲಿಲ್ಲ. ಶೇಕಡಾ 95ರ ಭರವಸೆಯೊಂದಿಗೆ, ತಪ್ಪು ಶೇಕಡಾ 5ರೊಳಗಿರಲು ಇಷ್ಟು ಕುಟುಂಬಗಳನ್ನು ಕೇಳಿದರೆ ಸಾಕು ಎಂಬ ಲೆಕ್ಕದ 384 ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಆದರೆ ಒಂದೇ ಶಿಬಿರದ ಒಂದೇ ಸಾಲಿನವರ ಉತ್ತರಗಳು ಒಂದನ್ನೊಂದು ಹೋಲುವುದರಿಂದ ಕುಟುಂಬಗಳನ್ನು ಗುಂಪು ಗುಂಪಾಗಿ ಆರಿಸುವ ಗುಚ್ಛ ಮಾದರಿಗೆ ಅದರ ಎರಡರಷ್ಟು, ಅಂದರೆ 770ರ ಹತ್ತಿರ ಹೋಗಬೇಕು. ಸಿಗದೆ ಹೋಗುವವರಿಗಾಗಿ ಇನ್ನೂ ಹತ್ತನೆಯ ಒಂದು ಪಾಲು ಸೇರಿಸಿದೆ. ಪಕ್ಕದ ಸ್ಥಳೀಯ ಕುಟುಂಬಗಳನ್ನೂ ಅದೇ ಪ್ರಶ್ನೆಗಳಿಂದ ಅಳೆಯಲೇಬೇಕು. ನೀರಿನ ಕೊರತೆ ಇಡೀ ಬಡಾವಣೆಯದೋ, ನೆಲೆ ತಪ್ಪಿ ಬಂದವರದು ಮಾತ್ರವೋ ಎಂಬುದು ಆ ಹೋಲಿಕೆಯಿಲ್ಲದೆ ತಿಳಿಯದು. ನೆಲೆ ತಪ್ಪಿದವರ ಅಂಕಿಅಂಶಗಳ ಕುರಿತು ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ 2020ರಲ್ಲಿ ಅನುಮೋದಿಸಿದ ಶಿಫಾರಸುಗಳೂ ಇಂಥ ಹೋಲಿಕೆಯನ್ನೇ ಆಧರಿಸಿವೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಉಪಗ್ರಹ ಚಿತ್ರದಲ್ಲಿ ಛಾವಣಿಗಳನ್ನು ಎಣಿಸಿ ಕುಟುಂಬಗಳ ಪಟ್ಟಿ ಮಾಡುವ ಯತ್ನ ಶಿಬಿರದಲ್ಲಿ ಸುಮಾರಾಗಿ ನಡೆಯಿತು. ಒಂದೇ ಸೂರಿನಡಿ ಮೂರು ನಾಲ್ಕು ಕುಟುಂಬಗಳಿರುವ ನಗರದಲ್ಲಿ ಪೂರ್ತಿ ಕೈಕೊಟ್ಟಿತು. ಬಾಡಿಗೆ ಕೋಣೆಗಳಲ್ಲಿ ಚದುರಿದವರನ್ನು ಹುಡುಕಲು ಬೇರೊಂದು ದಾರಿ ಹಿಡಿದೆ. ಮನೆ ಮಾಲೀಕರಿಗೆ ತಿಳಿದರೆ ಅದು ಮುಚ್ಚಿಹೋಗುತ್ತದೆಯಾದ್ದರಿಂದ ಅದನ್ನೂ ವಿವರಿಸಲಾರೆ. ಫೋನಿನಲ್ಲಿ ಕೇಳಿದಾಗ ಎತ್ತಿಕೊಂಡವರಲ್ಲಿ ಬಹುತೇಕ ಗಂಡಸರು, ಹಾಗಾಗಿ ಫೋನನ್ನು ಎರಡನೆಯ ಭೇಟಿಯ ದಿನ ಗೊತ್ತುಮಾಡಲು ಮಾತ್ರ ಉಳಿಸಿಕೊಂಡೆ. ಹಾಗೆ ಮೊದಲೇ ಗೊತ್ತುಮಾಡಿದ್ದರಿಂದ ಸಿಗದೆ ಹೋದವರು ನೂರಕ್ಕೆ ಎಂಟನ್ನು ಮೀರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಎರಡು ಭೇಟಿಗಳ ನಡುವೆ ಜನರನ್ನು ಉದ್ದೇಶಿತ ಜಾಗಕ್ಕೆ ಕರೆದೊಯ್ದು ತೋರಿಸಿದ್ದು. ಸಾಮಾನ್ಯವಾಗಿ ಶಿಬಿರದ ಮುಖಂಡರನ್ನಷ್ಟೇ ಬಸ್ಸು ಹತ್ತಿಸುತ್ತಾರೆ. ನಾವು ಪ್ರತಿ ಗುಂಪಿನಲ್ಲಿ ಅರ್ಧದಷ್ಟು ಹೆಂಗಸರಿರಲೇಬೇಕು, ಅಂಗವಿಕಲರೊಬ್ಬರಾದರೂ ಇರಲೇಬೇಕು ಎಂದು ನಿಯಮ ಮಾಡಿದೆವು. ಅವರು ಅಲ್ಲಿ ನಡೆದು ನೋಡಿದ್ದು ಮನೆಯಿಂದ ಬಸ್ ನಿಲ್ದಾಣಕ್ಕೆ ಎಷ್ಟು ಹೊತ್ತಾಗುತ್ತದೆ ಎಂಬುದನ್ನು. ಗೋಡೆಯ ಗುಣಮಟ್ಟದ ಬಗ್ಗೆ ಕೇಳಿದವರು ಕಡಿಮೆ. ಹಿಂತಿರುಗಿದ ಮೇಲೆ ಸರಿಸುಮಾರು ಕಾಲು ಭಾಗದಷ್ಟು ಕುಟುಂಬಗಳ ಉತ್ತರ ಬದಲಾಯಿತು, ಮತ್ತು ಆ ಬದಲಾದ ಉತ್ತರಗಳ ಪ್ರಕಾರವೇ ಹಂಚಿಕೆಯ ಪಟ್ಟಿ ತಯಾರಾಯಿತು.

ಕೋಷ್ಟಕಗಳನ್ನು ವರದಿಗೆ ಸೇರಿಸುವ ಮುನ್ನ ಯಾರ ಹೆಸರೂ ಇಲ್ಲದಂತೆ ಮಾಡಿ ಶಿಬಿರದಲ್ಲೇ ಗಟ್ಟಿಯಾಗಿ ಓದಿದೆವು. ಬಾಡಿಗೆ ಬಾಕಿಯ ಅಂಕಿ ತೀರಾ ಕಡಿಮೆಯಾಯಿತೆಂದು ಅಲ್ಲಿದ್ದವರು ತಕರಾರು ತೆಗೆದರು. ಮುಂಗಡಕ್ಕಾಗಿ ಮಾಡಿದ ಸಾಲವನ್ನು ನಾವು ಕೇಳಿರಲಿಲ್ಲವಾದ್ದರಿಂದ ಈಗ ಆರಂಭವಾಗಿರುವ ಮೂರನೆಯ ಸುತ್ತಿನ ಪ್ರಶ್ನಾವಳಿಗೆ ಆ ಒಂದು ಪ್ರಶ್ನೆಯನ್ನು ಸೇರಿಸಿದ್ದೇನೆ.