ಹಗಲೆಲ್ಲ ಮನೆಯಲ್ಲಿರುವವರನ್ನು ನೋಡಿಕೊಂಡು ಮನೆ ಹುಡುಕಿದ್ದು: ಬ್ಯಾಡಗಿಯಿಂದ ಬೆಂಗಳೂರಿಗೆ

ನಮ್ಮದು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಯವರಿಗೆ ಪೀಣ್ಯದ ವರ್ಕ್‌ಶಾಪ್‌ನಲ್ಲಿ ಕೆಲಸ ಖಾಯಂ ಆದ ಮೇಲೆ ಎಲ್ಲರೂ ಬೆಂಗಳೂರಿಗೆ ಹೋಗೋದು ಅಂತ ತೀರ್ಮಾನವಾಯಿತು. ಎಲ್ಲರೂ ಅಂದರೆ ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ.

ಕೆಲಸದ ಜಾಗಕ್ಕೆ ಹತ್ತಿರ ಮನೆ ನೋಡಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಕೆಲಸಕ್ಕೆ ಹೋಗುವವರು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ಹಗಲೆಲ್ಲ ಆ ಮನೆಯಲ್ಲಿ, ಆ ಓಣಿಯಲ್ಲಿ ಇರುವವರು ಅತ್ತೆ. ಊರಲ್ಲಿ ಅವರು ಸುಮ್ನೆ ಮನೆಯೊಳಗೆ ಕೂತವರೇ ಅಲ್ಲ. ಹೊಲ, ಕಟ್ಟೆ, ಸಂಜೆಗೆ ಬಸವಣ್ಣನ ಗುಡಿ. ಅಂಥವರನ್ನು ಮೂರನೇ ಮಹಡಿಯಲ್ಲಿ ಕೂರಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಮಗನ ಜೊತೆ ನಗರಕ್ಕೆ ಹೋಗಿ, ಮಂಡಿನೋವು ತಂದುಕೊಂಡು, ಮಾತೇ ಕಮ್ಮಿ ಮಾಡಿ ವಾಪಸ್ ಬಂದ ಹಿರಿಯರು ನಮ್ಮೂರಲ್ಲೇ ಇದ್ದಾರೆ.

ಹಾಗಾಗಿ ನೆಲಮಹಡಿ ಮನೆಯೇ ಬೇಕು, ದೊಡ್ಡ ರಸ್ತೆ ದಾಟದೆ ಗುಡಿಗೂ ಕಿರಾಣಿ ಅಂಗಡಿಗೂ ಹೋಗುವಂತಿರಬೇಕು, ಅತ್ತೆ ಜೊತೆ ಮಾತಾಡೋಕೆ ನಮ್ಮ ಕಡೆಯ ನಾಲ್ಕು ಜನ ಇರಬೇಕು ಅಂದೆ. ಆಫೀಸು, ಫ್ಯಾಕ್ಟರಿ ಎಲ್ಲ ಆಮೇಲೆ.

ತುಮಕೂರು ರಸ್ತೆಯ ಕಡೆ ಹುಡುಕಿದ್ದಕ್ಕೆ ಕಾರಣ ಇದೆ. ಹಾವೇರಿ, ಹುಬ್ಬಳ್ಳಿ, ದಾವಣಗೆರೆ ಕಡೆಯ ಬಸ್ಸುಗಳು ನೆಲಮಂಗಲ ದಾಟಿ ಇದೇ ರಸ್ತೆಯಲ್ಲಿ ಒಳಗೆ ಬರುತ್ತವೆ. ಮೆಜೆಸ್ಟಿಕ್‌ವರೆಗೆ ಹೋಗದೆ ಎಂಟನೇ ಮೈಲಿಯಲ್ಲೋ ಜಾಲಹಳ್ಳಿ ಕ್ರಾಸ್‌ನಲ್ಲೋ ಇಳಿದುಬಿಡಬಹುದು. ಪೀಣ್ಯದ ಕೆಲಸಕ್ಕೆ ಅಂತ ಬಂದ ಉತ್ತರ ಕರ್ನಾಟಕದವರು ಈ ಸುತ್ತಿನಲ್ಲಿ ಮೊದಲಿನಿಂದಲೂ ಜಾಸ್ತಿ. ಮೆಟ್ರೊದ ಹಸಿರು ಮಾರ್ಗವೂ ಇದೇ ರಸ್ತೆ ಮೇಲೆ ಇದೆ. 2024ರ ನವೆಂಬರ್‌ನಲ್ಲಿ ಅದು ಮಾದಾವರದವರೆಗೆ ಬಂದ ಮೇಲೆ ಇನ್ನೂ ಅನುಕೂಲವಾಗಿದೆ.

ಮನೆ ನೋಡೋಕೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಅದೂ ಭಾನುವಾರ ಅಲ್ಲ, ಕೆಲಸದ ದಿನ, ಮಧ್ಯಾಹ್ನ. ಆ ಹೊತ್ತಿಗೆ ಓಣಿಯಲ್ಲಿ ಯಾರಿರುತ್ತಾರೆ, ಬಾಗಿಲು ತೆಗೆದಿರುತ್ತವಾ ಅಂತ ನೋಡಬೇಕಿತ್ತು. ದಾಸರಹಳ್ಳಿ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅತ್ತೆ ನಿಂತೇಬಿಟ್ಟರು. "ಯಾವೂರವಾ ನಿಮ್ದು?" ಸವಣೂರು ಕಡೆಯವರಂತೆ. ನಾವು ಪಕ್ಕದ ಮನೆಯ ಓನರ್ ಹತ್ತಿರ ಬಾಡಿಗೆ ಮಾತಾಡಿ ಬರುವಷ್ಟರಲ್ಲಿ ಅತ್ತೆ ಅದೇ ಮೆಟ್ಟಿಲ ಮೇಲೆ ಕೂತು ಕಲ್ಲು ಆರಿಸುತ್ತಿದ್ದರು. ಗಿರಣಿ ಎಲ್ಲಿದೆ, ಬಿಸಿ ರೊಟ್ಟಿ ಮಾಡಿಕೊಡುವವರು ಯಾರು, ನೀರು ಯಾವಾಗ ಬರುತ್ತದೆ, ಎಲ್ಲ ಅವರಿಗೆ ಗೊತ್ತಾಗಿತ್ತು. "ಇಲ್ಲೇ ಮನಿ ಹಿಡೀರಿ" ಅಂದರು. ಮನೆ ಚಿಕ್ಕದು, ಬಿಸಿಲೂ ಕಮ್ಮಿ. ಆದರೂ ಅದನ್ನೇ ಹಿಡಿದೆವು.

ಅಡ್ವಾನ್ಸ್ ಕೊಡುವ ಮುಂಚೆ ನೀರು ನೋಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬೆಂಗಳೂರಿಗೆ ಕಾವೇರಿ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಪಂಪ್ ಆಗಿ ಬರುತ್ತದೆ. ಎಷ್ಟೋ ಕಡೆ ದಿನ ಬಿಟ್ಟು ದಿನ ಬಿಡುತ್ತಾರೆ. ಉಳಿದದ್ದಕ್ಕೆ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಅಡುಗೆಮನೆಯ ನಲ್ಲಿಯಲ್ಲಿ ಯಾವ ನೀರು ಬರುತ್ತದೆ, ಸಂಪ್ ಎಷ್ಟು ದೊಡ್ಡದು, ಎಷ್ಟು ಮನೆಗೆ ಅದೊಂದೇ ಸಂಪ್, ಟ್ಯಾಂಕರ್ ದುಡ್ಡು ಯಾರು ಕೊಡಬೇಕು, ಇವನ್ನು ಬಾಯಿಬಿಟ್ಟು ಕೇಳಬೇಕು. ಅತ್ತೆ ನಲ್ಲಿ ತಿರುಗಿಸಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು "ಸವಳಲ್ಲ" ಅಂದ ಮೇಲೇ ನಾವು ದುಡ್ಡು ಎಣಿಸಿದ್ದು. ಸವಳು ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ.

ಕರಾರು ಪತ್ರ 11 ತಿಂಗಳಿಗೇ ಮಾಡುತ್ತಾರೆ. ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇದೆ. ಅದು ಎಷ್ಟು ಅಂತ ಪತ್ರದಲ್ಲೇ ಬರೆಸಿದೆವು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರಿನ ಆರ್‌ಆರ್ ನಂಬರಿಗೆ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು. ಅವರು ಖಾಲಿ ಮಾಡುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ, ಆಮೇಲೆ ಹುಡುಕಿಕೊಂಡು ಹೋಗೋದು ಕಷ್ಟ.

ರೇಷನ್ ಕಾರ್ಡ್ ಬಗ್ಗೆ ಊರಲ್ಲಿ ತುಂಬ ಹೆದರಿಸಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ. ಕಾರ್ಡ್ ಊರಿನದೇ ಇದ್ದರೂ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ತಗೋಬಹುದು. ಗ್ಯಾಸ್‌ಗೆ ಮಾತ್ರ ಊರಿನ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ವೋಚರ್ ತರಬೇಕು. ಒಲೆ ನಮ್ಮದೇ, ಅದನ್ನು ಕಟ್ಟಿಕೊಂಡು ಬಂದೆವು.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಲಿ ಅಂತ ಕಾದೆವು, ಸಾಧ್ಯವಿದ್ದರೆ ಎಲ್ಲರೂ ಹಾಗೇ ಮಾಡಬೇಕು. ಊರಿನ ಶಾಲೆಯಿಂದ ಟಿಸಿ ತಂದೆವು, ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಎಸ್‌ಎಟಿಎಸ್ ನಂಬರ್ ಬರೆದುಕೊಂಡೆವು. ಒಂದು ಶಾಲೆಯಲ್ಲಿ ಟಿಸಿಯಲ್ಲಿ ಏನೋ ಸರಿಯಿಲ್ಲ, ತಿದ್ದಿಸಿಕೊಂಡು ಬನ್ನಿ, ಅಲ್ಲಿವರೆಗೆ ಸೇರಿಸಲ್ಲ ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿವರೆಗೆ ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆಯಲ್ಲಿ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ಊರಿನ ಮೇಷ್ಟ್ರು ಇದನ್ನು ಮೊದಲೇ ಹೇಳಿಕೊಟ್ಟಿದ್ದರು. ಸಮಾಧಾನವಾಗಿಯೇ ಅಂದೆ, ಸೇರಿಸಿಕೊಂಡರು. ಇಬ್ಬರನ್ನೂ ಸರ್ಕಾರಿ ಕನ್ನಡ ಶಾಲೆಗೇ ಹಾಕಿದ್ದೇವೆ. ಊರು ಬದಲಾಗಿದೆ, ಗೆಳೆಯರು ಬದಲಾಗಿದ್ದಾರೆ, ಪಾಠದ ಭಾಷೆಯೂ ಅದೇ ವರ್ಷ ಬದಲಾದರೆ ಮಕ್ಕಳ ಮೇಲೆ ಜಾಸ್ತಿ ಭಾರ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹೊಲ ಮಾರಲಿಲ್ಲ. ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದೇವೆ. ಎಮ್ಮೆಯನ್ನು ನಾದಿನಿ ಮನೆಗೆ ಹೊಡೆದು ಕಳಿಸಿದೆವು. ಆ ದಿನ ಅತ್ತೆ ಊಟ ಮಾಡಲಿಲ್ಲ. ಮನೆಯ ಕೀಲಿ ಪಕ್ಕದವರ ಹತ್ತಿರ ಇದೆ. ವಾರಕ್ಕೊಮ್ಮೆ ಬಾಗಿಲು ತೆಗೆದು ಕಸ ಹೊಡೆಯುತ್ತಾರೆ. ಮುಚ್ಚಿಟ್ಟ ಮನೆಗೆ ಗೆದ್ದಲು ಬೇಗ ಹತ್ತುತ್ತದೆ.

ಮೊದಲ ಕೆಲವು ತಿಂಗಳು ನಮಗೆ ಸುಲಭ ಇರಲಿಲ್ಲ. ಬಾಡಿಗೆ ಕೊಟ್ಟ ಮೇಲೆ ಕೈಯಲ್ಲಿ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಅತ್ತೆ ಗಟ್ಟಿಯಾಗಿ ನಿಂತರು. ಬಿಪಿ ಮಾತ್ರೆಗೆ ಸರ್ಕಾರದ 'ನಮ್ಮ ಕ್ಲಿನಿಕ್'ಗೆ ತಾವೇ ನಡೆದು ಹೋಗುತ್ತಾರೆ. ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ ಬ್ಯಾಂಕ್ ಖಾತೆಗೆ ಬರುವುದರಿಂದ ಊರು ಬಿಟ್ಟಿದ್ದರಿಂದ ಅದೇನೂ ನಿಲ್ಲಲಿಲ್ಲ. ಸವಣೂರಿನ ಅಜ್ಜಿಯೂ ಇವರೂ ಸೇರಿ ಓಣಿಯ ನಾಲ್ಕಾರು ಮನೆಗೆ ಕಟಕ್ ರೊಟ್ಟಿ ಮಾಡಿಕೊಡುತ್ತಾರೆ. ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಲು ಸಾಧ್ಯವಾಗಿದ್ದೇ ಮನೆಯಲ್ಲಿ ಅವರು ಹೀಗೆ ಇರುವುದರಿಂದ.

ಈ ವರ್ಷ ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಅವರಿಗೆ ಊರಿಗೆ ಹೋಗಬೇಕು ಅನ್ನಿಸಿತು. ನಮಗಿಬ್ಬರಿಗೂ ರಜೆ ಇರಲಿಲ್ಲ. ಮಗಳು ಜಾಲಹಳ್ಳಿ ಕ್ರಾಸ್‌ವರೆಗೆ ಹೋಗಿ ಹಾವೇರಿ ಬಸ್ಸು ಹತ್ತಿಸಿ ಬಂದಳು. ಶಕ್ತಿ ಟಿಕೆಟ್ ತಗೊಳ್ಳೋಕೆ ಆಧಾರ್ ಕಾರ್ಡನ್ನು ಅತ್ತೆ ತಾವೇ ನೆನಪಿಟ್ಟು ಚೀಲಕ್ಕೆ ಹಾಕಿಕೊಂಡಿದ್ದರು.